ಸಾರು ಕಹಿಯಾಗಿದ್ದು ಉಪ್ಪಿನಿಂದಲಾ, ಪ್ಯಾಕೆಟ್ಟಿನಿಂದಲಾ?

ಪ್ರಶ್ನೆ: ನಮ್ಮ ಮಾವನವರಿಗೆ 68 ವರ್ಷ, ಬಿಪಿ ಇದೆ. ಎರಡು ತಿಂಗಳಿಂದ ಕಡಿಮೆ ಸೋಡಿಯಂ ಉಪ್ಪು ತರುತ್ತಿದ್ದೇವೆ. ಪ್ಯಾಕೆಟ್ ನೋಡಿದ ದಿನದಿಂದ ಅವರಿಗೆ ಸಾರು ಕಹಿ. ನನ್ನ ಯಜಮಾನರು "ಎಲ್ಲಾ ಮನಸ್ಸಿನ ಭ್ರಮೆ" ಅಂತಾರೆ. ಈ ಉಪ್ಪಿನಿಂದ ನಿಜಕ್ಕೂ ಉಪಯೋಗ ಇದೆಯಾ ಅನ್ನೋದೂ ಗೊತ್ತಿಲ್ಲ. ಔಷಧಿಯನ್ನು ಪರೀಕ್ಷೆ ಮಾಡಬಹುದು ಸರಿ, ರುಚಿ ಅವರವರ ನಾಲಿಗೆಗೆ ಬಿಟ್ಟಿದ್ದು ಅಲ್ವಾ? ಅದನ್ನು ವಿಜ್ಞಾನಿಗಳು ಹೇಗೆ ಪರೀಕ್ಷಿಸುತ್ತಾರೆ?

ಉತ್ತರ: ಬೇರೆ ಎಲ್ಲದಕ್ಕೂ ಮೊದಲು ಒಂದು ತುರ್ತು ಮಾತು. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದವರಲ್ಲಿ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು, ಹೃದಯದ ಬಡಿತ ಏರುಪೇರಾಗುವಷ್ಟು ಅಪಾಯ ಆಗಬಹುದು. ಪೊಟ್ಯಾಸಿಯಂ ಮೈಯಲ್ಲೇ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಾವಾಗಿಯೇ ಶುರು ಮಾಡಬಾರದು. ನಮ್ಮಲ್ಲಿ ಬಿಪಿಗೆ ತುಂಬಾ ಜನ ನುಂಗುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಮಾತ್ರೆಗಳೂ ಪೊಟ್ಯಾಸಿಯಂ ಏರಿಸಬಲ್ಲವು. ನಿಮ್ಮ ಮಾವನವರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಕಿ), ಪೊಟ್ಯಾಸಿಯಂ ಎಷ್ಟಿದೆ ಅಂತ ಒಂದು ರಕ್ತಪರೀಕ್ಷೆ ಮಾಡಿಸಿ, ಮಾತ್ರೆ ಚೀಟಿಯ ಜೊತೆ ಉಪ್ಪಿನ ಪ್ಯಾಕೆಟ್ಟನ್ನೂ ಡಾಕ್ಟರಿಗೆ ತೋರಿಸಿ. ಈಗಾಗಲೇ ಎರಡು ತಿಂಗಳಾಗಿದೆ, ಇದನ್ನು ಮುಂದಕ್ಕೆ ಹಾಕಬೇಡಿ. ಡಾಕ್ಟರು ಸರಿ ಅನ್ನುವವರೆಗೆ ಹಳೇ ಉಪ್ಪನ್ನೇ, ಸ್ವಲ್ಪ ಕಡಿಮೆ ಹಾಕಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅದರಲ್ಲಿ ಮೂರು ಪ್ರಶ್ನೆ ಸೇರಿಕೊಂಡಿವೆ. ಎರಡು ಉಪ್ಪಿನ ಸಾರಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದಾ? ಗೊತ್ತಾದರೆ, ಊಟ ಬೇಡ ಅನಿಸುವಷ್ಟು ಇದೆಯಾ? ಬಿಪಿಗೆ, ಪಾರ್ಶ್ವವಾಯುವಿಗೆ ಇದರಿಂದ ಉಪಕಾರ ಇದೆಯಾ? ಮೊದಲ ಎರಡಕ್ಕೆ ನಿಮ್ಮ ಅಡುಗೆಮನೆಯಲ್ಲೇ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಎಷ್ಟು ಪ್ರಯತ್ನಪಟ್ಟರೂ ಮನೆಯಲ್ಲಿ ಉತ್ತರ ಸಿಗುವುದಿಲ್ಲ. ಜನ ಎಡವುವುದು ಇಲ್ಲೇ. ನಾಲಿಗೆಗೆ ಚೆನ್ನಾಗಿದ್ದರೆ ಮೈಗೂ ಒಳ್ಳೇದು ಅಂದುಕೊಳ್ಳುತ್ತಾರೆ, ಇಲ್ಲವೇ ಮೈಗೆ ಒಳ್ಳೇದು ಅಂದಮೇಲೆ ರುಚಿಯ ಬಗ್ಗೆ ದೂರು ಹೇಳುವವರೆಲ್ಲ ಸುಮ್ನೆ ನಾಟಕ ಮಾಡುತ್ತಿದ್ದಾರೆ ಅಂದುಬಿಡುತ್ತಾರೆ.

ರುಚಿ ಪರೀಕ್ಷೆ ಮತ್ತು ಔಷಧಿ ಪರೀಕ್ಷೆ ಎರಡು ಬೇರೆ ಲೋಕ ಅಂತ ನೀವು ಅಂದುಕೊಂಡಿದ್ದೀರಿ. ಅವುಗಳ ಹಿಂದಿನ ಲೆಕ್ಕಾಚಾರ ಒಂದೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಅನ್ನುವ ವಿಜ್ಞಾನಿ ಇದ್ದರು. ಕಪ್ಪಿಗೆ ಮೊದಲು ಹಾಲು ಹಾಕಿದ್ದಾರಾ, ಟೀ ಹಾಕಿದ್ದಾರಾ ಅಂತ ಕುಡಿದು ಹೇಳಬಲ್ಲೆ ಅಂದರು. ಅಲ್ಲೇ ಕೆಲಸ ಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದನ್ನು ಪರೀಕ್ಷೆಗೆ ಒಡ್ಡಿದರು. ಈ ಬಗೆಯ ಪ್ರಯೋಗವನ್ನು 1935ರಲ್ಲಿ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಎಂಟು ಕಪ್, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಟೀ ಮೊದಲು, ಕೊಡುವ ಸರದಿ ಲಾಟರಿ ಎತ್ತಿದ ಹಾಗೆ. ಸುಮ್ನೆ ಊಹಿಸಿ ಎಂಟೂ ಸರಿ ಹೇಳುವ ಸಾಧ್ಯತೆ 70ರಲ್ಲಿ 1 ಮಾತ್ರ. ರುಚಿ ಅವರವರದ್ದೇ ಇರಲಿ, ಆದರೆ "ನನಗೆ ಗೊತ್ತಾಗುತ್ತದೆ" ಅನ್ನುವ ಮಾತು ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಮುಂದೆ ಆಸ್ಪತ್ರೆಗಳಲ್ಲಿ ಯಾರಿಗೆ ಔಷಧಿ, ಯಾರಿಗೆ ಬೇಡ ಅಂತ ಲಾಟರಿಯಿಂದ ತೀರ್ಮಾನಿಸುವ ಪದ್ಧತಿಯ ಹಿಂದಿರುವುದೂ ಇಂಥದೇ ಯೋಚನೆ.

ಇವತ್ತು ಆಹಾರ ಪ್ರಯೋಗಾಲಯಗಳಲ್ಲಿ ವ್ಯತ್ಯಾಸ ಕಂಡುಹಿಡಿಯಲು ಹೆಚ್ಚಾಗಿ ಮಾಡುವುದು ತ್ರಿಕೋನ ಪರೀಕ್ಷೆ. ಮೂರು ಮಾದರಿ ಕೊಡುತ್ತಾರೆ, ಎರಡು ಒಂದೇ, ಒಂದು ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೆ. ಮಾದರಿಗಳಿಗೆ ಎ, ಬಿ, ಸಿ ಅಂತಾಗಲಿ 1, 2, 3 ಅಂತಾಗಲಿ ಹೆಸರಿಡುವುದಿಲ್ಲ, ಮೊದಲನೆಯದು ಚೆನ್ನಾಗಿರಬೇಕು ಅಂತ ಮನಸ್ಸು ತಾನಾಗಿಯೇ ಎಣಿಸುತ್ತದೆ. ಅದಕ್ಕೇ 318, 746 ಅಂತ ಅರ್ಥವಿಲ್ಲದ ಮೂರಂಕಿಯ ಸಂಖ್ಯೆ. ಒಬ್ಬೊಬ್ಬರಿಗೂ ಪ್ರತ್ಯೇಕ ಗೂಡು, ಪಕ್ಕದವರ ಮುಖ ಕಾಣಬಾರದು. ಬಣ್ಣದಿಂದ ಗುಟ್ಟು ಬಯಲಾಗುವ ಹಾಗಿದ್ದರೆ ಕೆಂಪು ದೀಪ ಹಾಕುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾದದ್ದು, ಅಲ್ಲಿ ಇಂಥ ಕೆಲಸ ದಶಕಗಳಿಂದ ನಡೆದಿದೆ.

ಇದನ್ನು ನೀವೂ ಮಾಡಬಹುದು, ಆದರೆ ಅಚ್ಚುಕಟ್ಟಾಗಿ ಮಾಡಬೇಕು. ಡಾಕ್ಟರು ಈ ಉಪ್ಪಿಗೆ ಒಪ್ಪಿದ ಮೇಲೆ, ಒಂದು ಲೀಟರ್ ತಿಳಿಸಾರು ಉಪ್ಪಿಲ್ಲದೆ ಕುದಿಸಿ. ಅಡಿಯಲ್ಲಿ ಕೂತ ಬೇಳೆ ಒಂದು ಕಡೆಗೇ ಹೋಗದ ಹಾಗೆ ಕಲಸಿ, ಸರಿಯಾಗಿ ಎರಡು ಪಾತ್ರೆಗೆ ಅರ್ಧರ್ಧ ಹಾಕಿ. ಒಂದಕ್ಕೆ ಹಳೇ ಉಪ್ಪು, ಇನ್ನೊಂದಕ್ಕೆ ಹೊಸದು, ಎರಡೂ ನಾಲ್ಕು ನಾಲ್ಕು ಗ್ರಾಂ. ಇಲ್ಲಿ ಚಮಚದ ಲೆಕ್ಕ ನಡೆಯುವುದಿಲ್ಲ, ಕಾಳಿನ ಗಾತ್ರ ಬೇರೆ ಇದ್ದರೆ ಒಂದೇ ಚಮಚದಲ್ಲಿ ತೂಕ ಬೇರೆ ಬರುತ್ತದೆ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯನ್ನು ಅಕ್ಕಪಕ್ಕದಲ್ಲಿ ಯಾರಾದರೂ ಇಟ್ಟಿದ್ದರೆ ಕೇಳಿ ತನ್ನಿ. ಮೂರು ಒಂದೇ ತರಹದ ಸ್ಟೀಲ್ ಲೋಟ, ಒಂದೊಂದರಲ್ಲೂ ಎರಡು ಗುಟುಕು, ಮೂರೂ ಒಂದೇ ಬಿಸಿ. ಲೋಟದ ತಳಕ್ಕೆ ಸಂಖ್ಯೆ ಬರೆದ ಚೀಟಿ ಅಂಟಿಸಿ.

ಸಾರು ಸುರಿಯುವವರು ಬೇರೆ, ಮಾವನವರ ಮುಂದೆ ತಂದಿಡುವವರು ಬೇರೆ ಇರಲಿ. ಒಬ್ಬರು ಒಳಗೆ ಸುರಿದು, ಯಾವ ಸಂಖ್ಯೆಗೆ ಯಾವ ಉಪ್ಪು ಅಂತ ಚೀಟಿ ಬರೆದು ಮಡಚಿಡಲಿ. ಏನೂ ಗೊತ್ತಿಲ್ಲದ ಇನ್ನೊಬ್ಬರು ಲೋಟ ತಂದುಕೊಡಲಿ. ಗೊತ್ತಿದ್ದವರು ಎದುರಿಗೆ ಕೂತರೆ ಹುಬ್ಬಿನ ಅಲುಗಾಟವೇ ಉತ್ತರ ಹೇಳಿಬಿಡುತ್ತದೆ. ಆಸ್ಪತ್ರೆಯ ಪರೀಕ್ಷೆಗಳಲ್ಲಿ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ ಅನ್ನುವ ಏರ್ಪಾಡು ಇರುವುದು ಇದೇ ಕಾರಣಕ್ಕೆ. ಕಾಫಿ, ಎಲೆಅಡಿಕೆ, ಉಪ್ಪಿನಕಾಯಿ ಆಗಿ ಒಂದು ಗಂಟೆಯಾದರೂ ಕಳೆದಿರಲಿ. ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ನೀರು ಮುಕ್ಕಳಿಸಲಿ. ಗೊತ್ತಾಗಲಿಲ್ಲ ಅಂದರೂ ಯಾವುದಾದರೂ ಒಂದನ್ನು ಹೇಳಲೇಬೇಕು. ದಿನಕ್ಕೆ ಎರಡು ಸಲ, ಮೂರು ದಿನ, ಒಟ್ಟು ಆರು ಸಲ. ಕೆಲವು ಸಲ ಹಳೇ ಉಪ್ಪಿನದು ಎರಡು ಲೋಟ, ಕೆಲವು ಸಲ ಹೊಸದರದ್ದು ಎರಡು. ಬೇರೆ ಇರುವ ಲೋಟದ ಜಾಗವೂ ಬದಲಾಗುತ್ತಿರಲಿ.

ಊಹೆಯಿಂದಲೇ ಹೇಳಿದರೆ ಮೂರಕ್ಕೊಂದು ಸಲ ಸರಿಯಾಗುತ್ತದೆ, ಆರರಲ್ಲಿ ಎರಡು ಸುಮ್ನೆ ಸಿಕ್ಕಿಬಿಡುತ್ತದೆ. ನಾಲ್ಕು ಸರಿ ಹೇಳಿದರೂ ಊಹೆ ಇರಬಹುದು, ಹತ್ತು ಸಲಕ್ಕೊಮ್ಮೆ ಹಾಗಾಗುತ್ತದೆ. ಐದು ಅಥವಾ ಆರು ಸರಿ ಹೇಳಿದರೆ ನಂಬಿ, ಊಹೆಯಿಂದ ಅಷ್ಟಾಗುವುದು ನೂರಕ್ಕೆ ಎರಡು ಸಲಕ್ಕಿಂತ ಕಡಿಮೆ. ಐದು ಆದರೆ ಒಪ್ಪುತ್ತೇವೆ ಅನ್ನುವುದನ್ನು ಮನೆಯವರೆಲ್ಲ ಮೊದಲೇ ಕಾಗದದಲ್ಲಿ ಬರೆದಿಡಿ. ಫಲಿತಾಂಶ ಬಂದಮೇಲೆ "ನಾಲ್ಕು ಸಾಕು ಬಿಡಿ" ಅಂದರೆ ಪರೀಕ್ಷೆ ಮಾಡಿದ್ದೇ ದಂಡ. ಔಷಧಿ ಪರೀಕ್ಷೆಗಳಲ್ಲೂ ಏನನ್ನು ಅಳೆಯುತ್ತೇವೆ, ಎಷ್ಟಾದರೆ ಗೆಲುವು ಅಂತ ಮೊದಲೇ ನೋಂದಾಯಿಸಬೇಕು ಅನ್ನುವ ನಿಯಮ ಇರುವುದು ಈ ಚಪಲಕ್ಕೆ ಕಡಿವಾಣ ಹಾಕಲು. ನನಗೆ ಈ ಒಂದು ನಿಯಮ ಉಳಿದೆಲ್ಲದಕ್ಕಿಂತ ಮುಖ್ಯ ಅನಿಸುತ್ತದೆ.

ಮಾವನವರು ಮೂರು ಸರಿ ಹೇಳಿದರು ಅಂತಿಟ್ಟುಕೊಳ್ಳಿ. ನಿಮ್ಮ ಯಜಮಾನರು "ನೋಡಿ, ಭ್ರಮೆ ಅಂತ ಸಾಬೀತಾಯಿತು" ಅಂತಾರೆ. ಆಗಿಲ್ಲ. ಒಬ್ಬರು ಎರಡು ಸಲಕ್ಕೊಂದು ಸಲ ನಿಜವಾಗಿಯೇ ಕಹಿ ಗುರುತಿಸಬಲ್ಲರು, ಉಳಿದ ಸಲ ಊಹಿಸುತ್ತಾರೆ ಅಂದುಕೊಳ್ಳೋಣ. ಲೆಕ್ಕ ಹಾಕಿ ನೋಡಿದರೆ, ಅಂಥವರು ಆರರಲ್ಲಿ ಐದು ಮುಟ್ಟುವ ಸಾಧ್ಯತೆ ಸುಮಾರು 35 ಶೇಕಡಾ ಮಾತ್ರ. ಅಂದರೆ ಇಷ್ಟು ಚಿಕ್ಕ ಪರೀಕ್ಷೆಯಲ್ಲಿ ನಿಜವಾದ ನಾಲಿಗೆಯೂ ಮೂರರಲ್ಲಿ ಎರಡು ಸಲ ಫೇಲ್ ಆಗುತ್ತದೆ. "ವ್ಯತ್ಯಾಸ ಸಿಗಲಿಲ್ಲ" ಅನ್ನುವುದು ಬೇರೆ, "ವ್ಯತ್ಯಾಸ ಇಲ್ಲ" ಅನ್ನುವುದು ಬೇರೆ. ಸಣ್ಣ ಆಸ್ಪತ್ರೆ ಪರೀಕ್ಷೆಯೊಂದರಲ್ಲಿ ಉಪಯೋಗ ಕಾಣಲಿಲ್ಲ ಅಂದ ತಕ್ಷಣ "ಔಷಧಿ ಪ್ರಯೋಜನಕ್ಕಿಲ್ಲ" ಅಂತ ಸುದ್ದಿ ಬರುತ್ತದಲ್ಲ, ಅಲ್ಲಿ ನಡೆಯುವುದೂ ಇದೇ ಗೊಂದಲ. ಇನ್ನೂ ಖಚಿತ ಬೇಕೆಂದರೆ ಸಲ ಹೆಚ್ಚಿಸಬೇಕು. ಹನ್ನೆರಡು ಸಲ ಮಾಡಿದರೆ ಎಂಟು ಸರಿ ಬೇಕು.

ಎರಡನೇ ಪ್ರಶ್ನೆ, ಇಷ್ಟವೋ ಇಲ್ಲವೋ. ವ್ಯತ್ಯಾಸ ಗೊತ್ತಾಗುವುದಕ್ಕೂ ಅದು ಹಿಡಿಸದೇ ಇರುವುದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಇಷ್ಟ ಅಳೆಯಲು ಒಂಬತ್ತು ಮೆಟ್ಟಿಲ ಅಳತೆ ಬಳಸುತ್ತಾರೆ. ಒಂದು ತುದಿಯಲ್ಲಿ "ತುಂಬಾ ತುಂಬಾ ಇಷ್ಟ", ಇನ್ನೊಂದು ತುದಿಯಲ್ಲಿ "ಸ್ವಲ್ಪವೂ ಆಗುವುದಿಲ್ಲ", ನಡುವೆ "ಎರಡೂ ಅಲ್ಲ". ಅಮೆರಿಕದ ಸೈನ್ಯದವರು ಎರಡನೇ ಮಹಾಯುದ್ಧದ ನಂತರ ಸೈನಿಕರ ಊಟ ಸುಧಾರಿಸಲು ರೂಪಿಸಿದ ಅಳತೆ ಇದು, ಇವತ್ತಿಗೂ ಜಗತ್ತಿನ ಎಲ್ಲ ಕಡೆ ನಡೆಯುತ್ತದೆ. ಇದರಲ್ಲಿ ಸರಾಸರಿಯನ್ನು ನಂಬಿ ಕೂರಬಾರದು. ಅರ್ಧ ಜನ 8 ಕೊಟ್ಟು, ಇನ್ನರ್ಧ ಜನ 2 ಕೊಟ್ಟರೆ ಸರಾಸರಿ 5, ಅಂದರೆ "ಎರಡೂ ಅಲ್ಲ". ಆದರೆ ಹಾಗೆ ಹೇಳಿದವರು ಒಬ್ಬರೂ ಇಲ್ಲ! ಪೊಟ್ಯಾಸಿಯಂ ಕ್ಲೋರೈಡಿನ ಕಹಿ ಕೆಲವರಿಗೆ ತಟ್ಟನೆ ತಾಗುತ್ತದೆ, ಕೆಲವರಿಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಇಲ್ಲಿ ಸರಾಸರಿ ವಿಶೇಷವಾಗಿ ದಾರಿ ತಪ್ಪಿಸುತ್ತದೆ. ಮನೆಯಲ್ಲಿ ನಾಲ್ವರಿಗೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಐದನೆಯವರು ಸುಳ್ಳು ಹೇಳುತ್ತಿದ್ದಾರೆ ಅಂತ ಆಗುವುದಿಲ್ಲ.

ಯಾರನ್ನು ಕೇಳುತ್ತೇವೆ ಅನ್ನುವುದೂ ಮುಖ್ಯ. ಬೆಂಗಳೂರಿನ ಕಾಫಿ ಬೋರ್ಡಿನಲ್ಲಿ ಕಾಫಿ ರುಚಿ ನೋಡಿ ಹುಳಿ ಎಷ್ಟು, ಗಟ್ಟಿತನ ಎಷ್ಟು, ಎಲ್ಲಿ ಕೆಟ್ಟಿದೆ ಅಂತ ಹೇಳುವ ಪಳಗಿದವರಿದ್ದಾರೆ. ಅವರನ್ನು "ನಿಮಗೆ ಇಷ್ಟ ಆಯಿತಾ" ಅಂತ ಕೇಳಿ ಮಾರುಕಟ್ಟೆ ಅಳೆಯಬಾರದು, ಅವರ ನಾಲಿಗೆ ಈಗ ಸಾಮಾನ್ಯರ ನಾಲಿಗೆಯಲ್ಲ. ಹಾಗೇ ಸಾಮಾನ್ಯ ಗ್ರಾಹಕರನ್ನು ಹಿಡಿದು ಕಹಿಯ ಮಟ್ಟ ಎಷ್ಟು ಅಂತ ಅಂಕ ಕೊಡಿ ಅನ್ನುವುದೂ ತಪ್ಪು.

ಎರಡು ಗುಟುಕಿನ ಇಷ್ಟಕ್ಕೂ ದಿನಾ ಉಣ್ಣುವ ಇಷ್ಟಕ್ಕೂ ವ್ಯತ್ಯಾಸ ಇದೆ. 1985ರಲ್ಲಿ ಕೋಕಾ ಕೋಲಾ ಕಂಪನಿ ತನ್ನ ಪಾನೀಯದ ರುಚಿ ಬದಲಿಸಿತು. ಅದಕ್ಕೆ ಮುಂಚೆ ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿತ್ತು, ಹೊಸದೇ ಗೆದ್ದಿತ್ತು. ಮಾರುಕಟ್ಟೆಗೆ ಬಂದಮೇಲೆ ಜನ ರೊಚ್ಚಿಗೆದ್ದರು, 79 ದಿನಕ್ಕೆ ಹಳೇ ರುಚಿ ವಾಪಸ್. ಲೆಕ್ಕ ತಪ್ಪಿರಲಿಲ್ಲ, ಕೇಳಿದ ಪ್ರಶ್ನೆ ತಪ್ಪಿತ್ತು. ಸಿಹಿ ಜಾಸ್ತಿ ಇರುವುದು ಗುಟುಕಿಗೆ ಗೆಲ್ಲುತ್ತದೆ. ಜೊತೆಗೆ, ಹಳೆಯದು ಇನ್ನು ಸಿಗುವುದಿಲ್ಲ ಅಂತ ಗೊತ್ತಾದರೆ ಹೇಗನಿಸುತ್ತದೆ ಅನ್ನುವುದು ಲೋಟದಲ್ಲಿ ಅಳೆಯಲು ಸಿಗುವುದಿಲ್ಲ. ಅದಕ್ಕೇ ಈಗ ಮನೆಗೆ ವಾರಗಟ್ಟಲೆ ಪದಾರ್ಥ ಕೊಟ್ಟು ಆಮೇಲೆ ಕೇಳುವ ಪದ್ಧತಿಯೂ ಇದೆ. ನೀವೂ ಲೋಟದ ಪರೀಕ್ಷೆ ಆದಮೇಲೆ ಎರಡು ವಾರ ಒಂದು ಉಪ್ಪು, ಎರಡು ವಾರ ಇನ್ನೊಂದು ಬಳಸಿ, ಮಾವನವರು ಎಷ್ಟು ಬಡಿಸಿಕೊಂಡರು ಅಂತ ಗಮನಿಸಿ. ಬಾಯಿಮಾತಿಗಿಂತ ತಟ್ಟೆ ಚೆನ್ನಾಗಿ ಹೇಳುತ್ತದೆ.

ಇನ್ನು "ಭ್ರಮೆ" ಅನ್ನುವ ಮಾತು. ಇದರ ಬಗ್ಗೆ ನನಗೆ ತಕರಾರಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಕೇಳಿ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನುಂಗಿ ಮೈಕೈ ನೋವು ಅಂತೆಲ್ಲ ನಿಲ್ಲಿಸಿಬಿಟ್ಟಿದ್ದ 60 ಜನ. ಒಬ್ಬೊಬ್ಬರಿಗೂ ಹನ್ನೆರಡು ಬಾಟಲಿ, ತಿಂಗಳಿಗೊಂದು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ, ನಾಲ್ಕು ಖಾಲಿ. ದಿನಾ ತೊಂದರೆ ಎಷ್ಟು ಅಂತ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕು. ಖಾಲಿ ತಿಂಗಳಲ್ಲಿ ಸರಾಸರಿ 8, ಸಪ್ಪೆ ಮಾತ್ರೆಯ ತಿಂಗಳಲ್ಲಿ 15.4, ಸ್ಟಾಟಿನ್ ತಿಂಗಳಲ್ಲಿ 16.3. ನೋವು ನಿಜ, ಅಳತೆಗೂ ಸಿಕ್ಕಿತು. ಆದರೆ ಅದರಲ್ಲಿ ಬಹುಪಾಲು ಬಂದಿದ್ದು ಔಷಧಿಯಿಂದಲ್ಲ, ಮಾತ್ರೆ ನುಂಗಿದೆ ಅನ್ನುವ ಅರಿವಿನಿಂದ. ಅವರವರ ಲೆಕ್ಕವನ್ನು ಅವರಿಗೇ ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು. ಬೈದು ಒಪ್ಪಿಸಿದ್ದಲ್ಲ, ಅಂಕಿ ತೋರಿಸಿ ಒಪ್ಪಿಸಿದ್ದು.

ಆಹಾರದಲ್ಲೂ ಹೀಗೇ. 2011ರಲ್ಲಿ ಅಮೆರಿಕದ ಏಲ್ ವಿಶ್ವವಿದ್ಯಾಲಯದಲ್ಲಿ ಒಂದೇ 380 ಕ್ಯಾಲೊರಿಯ ಮಿಲ್ಕ್‌ಶೇಕನ್ನು ಒಂದು ಸಲ 620 ಕ್ಯಾಲೊರಿಯ ಭರ್ಜರಿ ಪಾನೀಯ ಅಂತಲೂ, ಇನ್ನೊಂದು ಸಲ 140 ಕ್ಯಾಲೊರಿಯ ಹಗುರ ಪಾನೀಯ ಅಂತಲೂ ಚೀಟಿ ಹಚ್ಚಿ ಕೊಟ್ಟರು. ಹಸಿವಿನ ಹಾರ್ಮೋನ್ ಗ್ರೆಲಿನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡಿದರೆ, ಭರ್ಜರಿ ಅಂದುಕೊಂಡು ಕುಡಿದಾಗ ಅದು ಜೋರಾಗಿ ಇಳಿದಿತ್ತು. ಚೀಟಿ ರಕ್ತದವರೆಗೂ ಮುಟ್ಟಿದೆ ಅಂದಮೇಲೆ ನಿಮ್ಮ ಮಾವನವರ ನಾಲಿಗೆಗೆ ಮುಟ್ಟಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಅವರಿಗೆ ಕಹಿ ಆಗಿದ್ದು ನಿಜ. ಕಹಿ ಬಂದಿದ್ದು ಪೊಟ್ಯಾಸಿಯಂನಿಂದಲಾ ಪ್ಯಾಕೆಟ್ಟಿನಿಂದಲಾ ಅನ್ನುವುದಷ್ಟೇ ಪ್ರಶ್ನೆ. ಇದನ್ನು ಯಜಮಾನರಿಗೆ ಓದಿ ಹೇಳಿ.

ಬಿಪಿಗೆ, ಪಾರ್ಶ್ವವಾಯುವಿಗೆ ಉಪಕಾರ ಇದೆಯಾ ಅನ್ನುವ ಮೂರನೆಯ ಪ್ರಶ್ನೆಗೆ ಬೇಕಾದ ಉತ್ತರ ಚೀನಾದ ಹಳ್ಳಿಗಳಲ್ಲಿ ಸಿಕ್ಕಿದೆ. ಅದಕ್ಕೆ ಮುಂಚೆ, ಇಂಥ ಪರೀಕ್ಷೆಗೆ ಹಾದಿ ಹಾಕಿದ್ದನ್ನು ಹೇಳಬೇಕು. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ವರದಿ ಬಂತು. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದರ ಲೆಕ್ಕ ರೂಪಿಸಿದವರು. ಯಾರಿಗೆ ಔಷಧಿ ಅನ್ನುವುದನ್ನು ಡಾಕ್ಟರು ಆರಿಸುವ ಹಾಗಿರಲಿಲ್ಲ, ಮುಚ್ಚಿದ ಲಕೋಟೆ ಹೇಳುತ್ತಿತ್ತು. ಆರು ತಿಂಗಳಲ್ಲಿ ಔಷಧಿ ಸಿಕ್ಕ 55 ಜನರಲ್ಲಿ 4 ಜನ ತೀರಿಕೊಂಡರು, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಅಲ್ಲಿ ರೋಗಿಗೆ ಸುಳ್ಳು ಇಂಜೆಕ್ಷನ್ ಕೊಟ್ಟು ಮುಚ್ಚಿಡಲಿಲ್ಲ. ಆದರೆ ಎಕ್ಸ್‌ರೇ ನೋಡಿ ತೀರ್ಪು ಕೊಟ್ಟವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ. ರೋಗಿಯ ಕಣ್ಣು ಕಟ್ಟಲಾಗದಿದ್ದರೆ ಅಳೆಯುವವರ ಕಣ್ಣಾದರೂ ಕಟ್ಟಬೇಕು. ಆಹಾರದ ಪರೀಕ್ಷೆಗಳಿಗೆ ಈ ಉಪಾಯ ತುಂಬಾ ಬೇಕಾಗುತ್ತದೆ, ಏಕೆಂದರೆ ವರ್ಷಗಟ್ಟಲೆ ಅಡುಗೆಮನೆಯಲ್ಲಿರುವ ಉಪ್ಪನ್ನು ಯಾರಿಂದಲೂ ಮುಚ್ಚಿಡಲು ಆಗುವುದಿಲ್ಲ.

ಚೀನಾದ ಪರೀಕ್ಷೆಯಲ್ಲಿ 600 ಹಳ್ಳಿ, 20,995 ಜನ. ಮೊದಲೇ ಪಾರ್ಶ್ವವಾಯು ಆದವರು, ಇಲ್ಲವೇ 60 ದಾಟಿ ಬಿಪಿ ಹತೋಟಿಗೆ ಬಾರದವರು. ಲಾಟರಿ ಎತ್ತಿದ್ದು ವ್ಯಕ್ತಿಗಳಿಗಲ್ಲ, ಹಳ್ಳಿಗಳಿಗೆ. ಒಂದೇ ಮನೆಯಲ್ಲಿ ಅಪ್ಪನಿಗೊಂದು ಉಪ್ಪು, ಅಮ್ಮನಿಗೊಂದು ಉಪ್ಪು ಅಂದರೆ ನಡೆಯುವುದಿಲ್ಲ ಅಲ್ವಾ, ಪಕ್ಕದ ಮನೆಗೆ ಉಪ್ಪು ಸಾಲ ಹೋಗುವುದೂ ಇದ್ದದ್ದೇ. ಅರ್ಧ ಹಳ್ಳಿಗಳಿಗೆ ಸುಮಾರು 75 ಪಾಲು ಸೋಡಿಯಂ ಕ್ಲೋರೈಡ್, 25 ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು. ಉಳಿದವರಿಗೆ ಮಾಮೂಲಿ ಉಪ್ಪು. ಸುಮಾರು ಐದು ವರ್ಷ ಕಾದರು. ಪಾರ್ಶ್ವವಾಯು ವರ್ಷಕ್ಕೆ ಸಾವಿರಕ್ಕೆ 33.65ರಿಂದ 29.14ಕ್ಕೆ ಇಳಿಯಿತು, ಅಂದರೆ 14 ಶೇಕಡಾ ಕಡಿಮೆ. ಸಾವಿನ ಸಂಖ್ಯೆಯೂ ಇಳಿಯಿತು. ರಕ್ತದಲ್ಲಿ ಪೊಟ್ಯಾಸಿಯಂ ಏರಿದ ಗಂಭೀರ ಪ್ರಕರಣ ಜಾಸ್ತಿ ಆಗಲಿಲ್ಲ. ಆದರೆ ಗಮನಿಸಿ, ಗಂಭೀರ ಮೂತ್ರಪಿಂಡದ ಕಾಯಿಲೆ ಇದ್ದವರನ್ನು ಮೊದಲೇ ಹೊರಗಿಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಜನವರಿ 2025ರಲ್ಲಿ ಇಂಥ ಉಪ್ಪಿಗೆ ಸಲಹೆ ಕೊಟ್ಟಾಗಲೂ ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರನ್ನು ಅದರಲ್ಲಿ ಸೇರಿಸಲಿಲ್ಲ.

ಆ ಪರೀಕ್ಷೆಯಲ್ಲಿ ಮೇಲಿನ ಬಿಪಿ ಇಳಿದಿದ್ದು ಸರಾಸರಿ 3.34 ಅಷ್ಟೇ. ನಿಮ್ಮ ಮಾವನವರ ಬಿಪಿ ಬೆಳಗ್ಗೆಗೂ ಸಂಜೆಗೂ ಅದಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಹಾಗಾಗಿ ಮನೆಯ ಮಿಷಿನ್ನಿನಲ್ಲಿ ನೋಡಿ "ಎರಡು ತಿಂಗಳಾದರೂ ಏನೂ ಇಳಿದಿಲ್ಲ" ಅನ್ನುವುದಕ್ಕೆ ಅರ್ಥವಿಲ್ಲ, "ನಾಲ್ಕು ಇಳಿಯಿತು" ಅಂತ ಖುಷಿಪಡುವುದಕ್ಕೂ ಅರ್ಥವಿಲ್ಲ. ಒಬ್ಬರಲ್ಲಿ ಕಾಣದ ಉಪಕಾರ ಇಪ್ಪತ್ತು ಸಾವಿರ ಜನರಲ್ಲಿ ಕಾಣುತ್ತದೆ, ಅದನ್ನು ಅಲ್ಲಿಂದಲೇ ಎರವಲು ತರಬೇಕು. ಹಾಗೇ ಆ ಇಪ್ಪತ್ತು ಸಾವಿರ ಜನರ ಲೆಕ್ಕ ನಿಮ್ಮ ಮಾವನವರಿಗೆ ಸಾರು ಕಹಿಯಾಯಿತಾ ಅಂತ ಹೇಳಲಾರದು.

ನಿಮ್ಮ ಪ್ಯಾಕೆಟ್ಟಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಷ್ಟು ಶೇಕಡಾ ಇದೆ ನೋಡಿ. 25ಕ್ಕಿಂತ ತೀರಾ ಕಡಿಮೆ ಇದ್ದರೆ ಚೀನಾದ ಫಲಿತಾಂಶ ಅಷ್ಟೇ ಪ್ರಮಾಣದಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಸೈಂಧವ ಲವಣ ಇದರ ಬದಲಿ ಅಲ್ಲ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಮಾವನವರಿಗೆ ಗೊತ್ತಾಗದ ಹಾಗೆ ಹಳೇ ಡಬ್ಬಿಗೆ ಹೊಸ ಉಪ್ಪು ಸುರಿಯುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಪರೀಕ್ಷೆ ಅಂತ ಹೇಳಿ, ಒಪ್ಪಿಗೆ ಕೇಳಿ, ಯಾವ ಲೋಟದಲ್ಲಿ ಯಾವುದು ಅನ್ನುವುದನ್ನು ಮಾತ್ರ ಮುಚ್ಚಿಡಿ. ಅವರ ಮೈ, ಅವರ ಮಾತ್ರೆ, ಅವರಿಗೆ ಗೊತ್ತಿರಲೇಬೇಕು.

ಅವರು ಐದೋ ಆರೋ ಸರಿ ಹೇಳಿದರೆ ವ್ಯತ್ಯಾಸ ಉಪ್ಪಿನದ್ದೇ. ಆಗ ಹಳೇ ಉಪ್ಪಿಗೆ ಹೊಸದನ್ನು ಕಾಲು ಭಾಗ ಬೆರೆಸಿ ಶುರು ಮಾಡಿ, ವಾರ ವಾರ ಹೆಚ್ಚಿಸಿ. ಹುಣಸೆಹುಳಿ, ಖಾರ ಜಾಸ್ತಿ ಇರುವ ಹುಳಿ, ಗೊಜ್ಜಿನಲ್ಲಿ ಮೊದಲು ಬಳಸಿ, ಮಜ್ಜಿಗೆಗೂ ತಿಳಿಸಾರಿಗೂ ಕೊನೆಗೆ. ಒಟ್ಟು ಉಪ್ಪನ್ನೇ ಕಡಿಮೆ ಮಾಡುವುದಾದರೂ ನಾಲಿಗೆಗೆ ಸಮಯ ಕೊಡಿ. ರುಚಿ, ವಾಸನೆಗಳ ಸಂಶೋಧನೆ ಮಾಡುವ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 1982ರಲ್ಲೇ ತೋರಿಸಿದ ಹಾಗೆ, ಕಡಿಮೆ ಉಪ್ಪಿನ ಊಟ ಎರಡು ಮೂರು ತಿಂಗಳು ಮಾಡಿದವರಿಗೆ ಮೊದಲಿನ ಉಪ್ಪೇ ಜಾಸ್ತಿ ಅನಿಸತೊಡಗುತ್ತದೆ. ಮೂರೋ ನಾಲ್ಕೋ ಬಂದರೆ ಇನ್ನೊಂದು ಆರು ಸಲ ಮಾಡಿ, ಹನ್ನೆರಡಕ್ಕೆ ಎಂಟು ಅನ್ನುವ ಗಡಿಯನ್ನು ಶುರು ಮಾಡುವ ದಿನವೇ ಕಾಗದದಲ್ಲಿ ಬರೆದಿಟ್ಟು. ಎರಡೋ ಅದಕ್ಕಿಂತ ಕಡಿಮೆಯೋ ಬಂದರೆ ಚೀಟಿಗಳನ್ನೆಲ್ಲ ಮಾವನವರ ಕೈಗೇ ಕೊಟ್ಟು ಅವರೇ ಬಿಚ್ಚಿ ಎಣಿಸಲಿ, ಯಜಮಾನರು ಆ ಹೊತ್ತಿಗೆ ಸುಮ್ಮನಿರಲಿ. ರಕ್ತಪರೀಕ್ಷೆಯ ರಿಪೋರ್ಟ್ ಮಾತ್ರ ಇದೆಲ್ಲಕ್ಕಿಂತ ಮೊದಲು ಕೈಗೆ ಬಂದಿರಬೇಕು.